ಒಂದು ಮಗ್ ನೀರು ಹುಯ್ದ ಅಕ್ಕನಿಗೆ

ನಿನ್ನೆ ರಾತ್ರಿ ಎರಡೂವರೆಗೆ ಹಳೇ ಬ್ಲಾಕಿನ ಕೊನೇ ವಾಲ್ವ್ ತೆರೆದೆವು. ಐದು ತಿಂಗಳ ಕೆಲಸ ಮುಗಿಯಿತು. 120 ಹಾಸಿಗೆಯ ಆಸ್ಪತ್ರೆ. ಒಂದು ವಾರ್ಡನ್ನೂ ಮುಚ್ಚದೆ ನೀರಿನ ಪೈಪು, ಚರಂಡಿ ಪೈಪು ಎರಡನ್ನೂ ಬದಲಿಸಿದ್ದೇವೆ. ಇಷ್ಟು ದೊಡ್ಡ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ದಿನಕ್ಕೆ 450 ಲೀಟರ್ ಅಂತ ನಾವು ಲೆಕ್ಕ ಹಿಡಿಯೋದು. ಅಷ್ಟೂ ನೀರು ಬರುತ್ತಿರಬೇಕು, ಹೋಗುತ್ತಿರಬೇಕು, ನಡುವೆ ನಾವು ಪೈಪು ಕೊಯ್ಯಬೇಕು. ಬೈಸಿಕೊಂಡಿದ್ದು ಜಾಸ್ತಿಯೇ. ನ್ಯಾಯವೇ ಬಿಡಿ.

ಮೊದಲ ಥ್ಯಾಂಕ್ಸ್ ಮೂರನೇ ಮಹಡಿಯ ಹೌಸ್‌ಕೀಪಿಂಗ್ ಅಕ್ಕನಿಗೆ. ಹೊಸ ಪೈಪು ಹಾಕಿದ ಮೇಲೂ ಅಲ್ಲಿ ಚರಂಡಿ ವಾಸನೆ ಹೋಗಿರಲಿಲ್ಲ. ನಾನು ಡ್ರಾಯಿಂಗ್ ಹಿಡಿದು ನಾಲ್ಕು ದಿನ ಪೈಪುಗಳು ಇಳಿಯೋ ಶಾಫ್ಟ್ ಒಳಗೆ ಒದ್ದಾಡಿದೆ. ಚೆನ್ನಾಗಿದ್ದ ಜಾಯಿಂಟನ್ನೂ ಬಿಚ್ಚಿಸಿದೆ. ಅಕ್ಕ ನೆಲ ಒರೆಸುತ್ತಲೇ, "ಸಾರ್, ಪೇಷಂಟ್ ಇರೋ ರೂಮಲ್ಲಿ ವಾಸನೆ ಇಲ್ಲ. ಖಾಲಿ ಬಿದ್ದಿರೋ ಎರಡು ರೂಮಲ್ಲೇ ಬರೋದು" ಅಂದರು.

ಬಾತ್‌ರೂಮಿನ ನೆಲದ ನೀರು ಹೋಗೋ ನಹಾನಿ ಟ್ರ್ಯಾಪ್‌ನ ಜಾಲರಿ ಎತ್ತಿ ಟಾರ್ಚ್ ಬಿಟ್ಟೆ. ತಳದಲ್ಲಿ ಒಣಗಿ ಬಿರಿದ ಸೋಪಿನ ಕೆನೆ, ಎರಡು ಕೂದಲು. ಅಲ್ಲಿ ನಿಲ್ಲೋ 50 ಮಿಲಿಮೀಟರ್ ನೀರೇ ಚರಂಡಿ ಗಾಳಿಯನ್ನು ತಡೆಯೋದು. ವಾರಗಟ್ಟಲೆ ಯಾರೂ ಸ್ನಾನ ಮಾಡದೆ ಅದು ಆರಿಹೋಗಿತ್ತು. ಅಕ್ಕ ಒಂದೊಂದು ಮಗ್ ನೀರು ಹುಯ್ದರು. ಸಂಜೆಗೆ ವಾಸನೆ ಇಲ್ಲ. 2003ರಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ವಸತಿ ಕಟ್ಟಡದಲ್ಲಿ ಸಾರ್ಸ್ ಅನ್ನೋ ಉಸಿರಾಟದ ಕಾಯಿಲೆ ಹರಡಿದಾಗ ತನಿಖೆ ಬೊಟ್ಟು ಮಾಡಿದ್ದು ಇಂಥ ಒಣಗಿದ ಟ್ರ್ಯಾಪ್‌ಗಳ ಕಡೆಗೇ. ಟ್ರೈನಿಂಗ್‌ನಲ್ಲಿ ಈ ಕಥೆ ಹೇಳೋನೇ ನಾನು! ಈಗ ಖಾಲಿ ರೂಮುಗಳಿಗೆ ನೀರು ಬಿಡೋ ಪಟ್ಟಿ ಅಕ್ಕನ ಕೈಯಲ್ಲಿದೆ.

ಡಯಾಲಿಸಿಸ್ ಟೆಕ್ನೀಷಿಯನ್‌ಗೆ ಥ್ಯಾಂಕ್ಸ್ ಜೊತೆ ಸಾರಿ ಕೂಡ. ಹೊಸ ಲೈನನ್ನು ಕ್ಲೋರಿನ್ ಹಾಕಿ ತೊಳೆದಿದ್ದೆವು. ಬೆಳಗ್ಗೆ ಐದಕ್ಕೆ ಅವರು ಕ್ಲೋರಿನ್ ತೆಗೆಯೋ ಕಾರ್ಬನ್ ಟ್ಯಾಂಕ್ ದಾಟಿ ಬಂದ ನೀರನ್ನು ಪರೀಕ್ಷಿಸಿ, "ಇನ್ನೂ ಕ್ಲೋರಿನ್ ಇದೆ, ಮೆಷಿನ್ ಹಾಕಲ್ಲ" ಅಂದುಬಿಟ್ಟರು. ನಿದ್ದೆಗೆಟ್ಟಿದ್ದ ನಾನು ರೇಗಿದೆ. ನಾಲ್ಕು ಗಂಟೆ ಕಾಲ ನಡೆಯೋ ಒಂದು ಡಯಾಲಿಸಿಸ್‌ನಲ್ಲಿ ಸುಮಾರು 120 ಲೀಟರ್ ನೀರು ರೋಗಿಯ ರಕ್ತದ ಪಕ್ಕದಲ್ಲೇ ಹರಿಯುತ್ತೆ, ನಡುವೆ ಇರೋದು ತೆಳು ಪೊರೆ. ಕುಡಿಯೋಕೆ ಏನೂ ಆಗದಷ್ಟು ಕ್ಲೋರಿನ್ ಅಲ್ಲಿ ಕೆಂಪು ರಕ್ತಕಣಗಳನ್ನೇ ಒಡೆಯುತ್ತೆ. ಇನ್ನೆರಡು ಗಂಟೆ ನೀರು ಬಿಟ್ಟು ತೊಳೆದೆವು. ಅವರು ಒಪ್ಪಿದ ಮೇಲೇ ಮೊದಲ ಪೇಷಂಟ್ ಒಳಗೆ ಹೋಗಿದ್ದು.

ಮೇಸ್ತ್ರಿಗೂ ಅವರ ಹುಡುಗರಿಗೂ ಇಲ್ಲಿ ಬರೆದರೆ ಸಾಲದು, ಭಾನುವಾರ ಊಟಕ್ಕೆ ಕರೆದಿದ್ದೇನೆ.

ಹೆರಿಗೆ ವಾರ್ಡಿನ ನೈಟ್ ಡ್ಯೂಟಿ ಸಿಸ್ಟರ್, ನೀರು ನಿಲ್ಲಿಸುವ ಮೊದಲೇ ತುಂಬಿಸಿಟ್ಟುಕೊಳ್ತಿದ್ದ ನಿಮ್ಮ ಹನ್ನೆರಡು ಬಕೆಟ್ ಸ್ಟೋರಿನಲ್ಲಿವೆ. ಒಂದರ ಹಿಡಿ ನಮ್ಮ ಹುಡುಗರು ಮುರಿದಿದ್ದಾರೆ. ಹೊಸದು ತಂದಿಡುತ್ತೇನೆ.