ಬೋಲ್ಟಿನ ಮೇಲಿನ ಸುಳಿ ಅಂದಕ್ಕೆ, ಎಣ್ಣೆಗಲ್ಲ

ಮಾನ್ಯ ಸಂಪಾದಕರೇ,

ರೈಫಲ್ ಬೋಲ್ಟಿಗೆ, ಅಂದರೆ ತೋಟಾವನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ಉರುಳೆಗೆ, ಮನೆಯಲ್ಲೇ ಸುಳಿಸುಳಿ ಹೊಳಪು ಕೊಡುವ ಹವ್ಯಾಸದ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಫೋಟೋ ತುಂಬ ಚೆನ್ನಾಗಿತ್ತು. ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಹತ್ತಿ ಕೂತ ಪುಟ್ಟ ಪುಟ್ಟ ಸುಳಿಗಳು. ಆದರೆ ಅದರಲ್ಲಿ ಬರೆದ ಎರಡು ಮಾತು ನನಗೆ ಒಪ್ಪಿಗೆಯಿಲ್ಲ. ಈ ಸುಳಿಗಳಲ್ಲಿ ಎಣ್ಣೆ ನಿಲ್ಲುವುದರಿಂದಲೇ ಬೋಲ್ಟ್ ನುಣ್ಣಗೆ ಓಡುತ್ತದೆ ಎನ್ನುವುದು ಒಂದು. ಒಂದು ಬೆಂಚ್ ಡ್ರಿಲ್ ಇದ್ದರೆ ಯಾರು ಬೇಕಾದರೂ ಸುಮ್ನೆ ಕೂತು ಮಾಡಿ ಮುಗಿಸಬಹುದು ಎನ್ನುವುದು ಇನ್ನೊಂದು.

ನಾನು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಸ್ಕ್ರೇಪಿಂಗ್ ಕೆಲಸ ಮಾಡಿ ರಿಟೈರ್ ಆದವನು. ಎಣ್ಣೆ ನಿಲ್ಲಿಸುವುದೇ ನನ್ನ ಹೊಟ್ಟೆಪಾಡಾಗಿತ್ತು. ಮೆಷಿನ್ನಿನ ಜಾರುವ ಭಾಗ, ಅಂದರೆ ಸ್ಲೈಡ್, ಕೂರುವ ಜೋಡಿ ಭಾಗಕ್ಕೆ ಬ್ಲೂ ಎನ್ನುವ ನೀಲಿ ಬಣ್ಣ ಹಚ್ಚಿ, ಸ್ಲೈಡನ್ನು ಅದರ ಮೇಲೆ ಉಜ್ಜಿ, ಸ್ಲೈಡಿನಲ್ಲಿ ಬಣ್ಣ ಹತ್ತಿದ ಉಬ್ಬುಗಳನ್ನು ಮಾತ್ರ ಕೈಯಿಂದ ಕೆರೆಯಬೇಕು. ಮತ್ತೆ ಬ್ಲೂ, ಮತ್ತೆ ಕೆರೆತ. ಒಂದು ಚದರ ಇಂಚಿನಲ್ಲಿ 20ರಿಂದ 25 ತಾಗುವ ಪಾಯಿಂಟ್ ಬರುವ ತನಕ ಇದೇ ಕೆಲಸ. ಆ ಪಾಯಿಂಟುಗಳ ನಡುವಿನ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತದೆ, ಭಾರ ಹೊತ್ತ ಸ್ಲೈಡ್ ಅದರ ಮೇಲೆ ಜಾರುತ್ತದೆ. ಬೋಲ್ಟಿನ ಸುಳಿ ಅಂಥದ್ದಲ್ಲ. ಅದು ಬರೀ ಗೀರು. ಒಂದಿಷ್ಟು ಎಣ್ಣೆ ಅಂಟೀತು, ಇಲ್ಲ ಅನ್ನುವುದಿಲ್ಲ. ಜತೆಗೆ ದೂಳೂ ಅಂಟುತ್ತದೆ. ಬೋಲ್ಟ್ ನುಣ್ಣಗೆ ಓಡುವುದು ಅದು ಕೂರುವ ದಾರಿ ಸರಿಯಾಗಿದ್ದರೆ. 1927ರಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಒಬ್ಬನೇ ಹಾರಿದ ಲಿಂಡ್‌ಬರ್ಗ್‌ನ ವಿಮಾನದ ಮೂತಿಯ ಅಲ್ಯೂಮಿನಿಯಂ ತಗಡಿನ ಮೇಲೂ ಇದೇ ಸುಳಿ ಇತ್ತು. ಅಲ್ಲಿ ಯಾವ ಎಣ್ಣೆ ನಿಲ್ಲಿಸಬೇಕಿತ್ತು? ನೋಡುವುದಕ್ಕೆ ಚೆಂದ, ಅಷ್ಟೇ. ಚೆಂದಕ್ಕೆ ಅಂತ ಹೇಳಿಕೊಳ್ಳಲು ಸಂಕೋಚ ಯಾಕೋ!

ಇನ್ನು ಸುಲಭದ ಮಾತು. ಲೆಕ್ಕ ಹಾಕಿ ನೋಡಿ. ಬೋಲ್ಟ್ ಸುಮಾರು 18 ಮಿಲಿಮೀಟರ್ ದಪ್ಪ ಅಂದುಕೊಳ್ಳೋಣ, ಸುತ್ತಳತೆ 56ರ ಹತ್ತಿರ. ಡ್ರಿಲ್ಲಿಗೆ ಸಿಕ್ಕಿಸಿ ಉಜ್ಜುವ ಕಡ್ಡಿಯ ದಪ್ಪ 6 ಮಿಲಿಮೀಟರ್. ಪ್ರತಿ ಸುಳಿ ಹಿಂದಿನದರ ಅರ್ಧ ಮುಚ್ಚಬೇಕು, ಅಂದರೆ ಹೆಜ್ಜೆ 3 ಮಿಲಿಮೀಟರ್. ಸುತ್ತಲೂ 18 ಸಾಲು, ಸಾಲಿಗೆ 20 ಡಿಗ್ರಿ. 75 ಮಿಲಿಮೀಟರ್ ಉದ್ದಕ್ಕೆ ಸಾಲಿಗೆ 25 ಸುಳಿ. ಒಟ್ಟು 450. ಪ್ರತಿಯೊಂದಕ್ಕೂ ಒಂದೇ ಒತ್ತಡ, ಒಂದೇ ಹೊತ್ತು. ನಡುವೆ ಒಂದು ಸುಳಿ ಅರ್ಧ ಮಿಲಿಮೀಟರ್ ಆಚೆ ಬಿದ್ದರೂ ಬೆಳಕಿಗೆ ಹಿಡಿದ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಸುತ್ತನ್ನು ಸಮಭಾಗ ಮಾಡುವ ಸಲಕರಣೆ, ಡಿವೈಡಿಂಗ್ ಹೆಡ್, ಇದ್ದವರು ಅದರ ಹಿಡಿಕೆಯನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಅದರ ತಟ್ಟೆಯ 18 ತೂತಿನ ವೃತ್ತದಲ್ಲಿ ಇನ್ನೂ 4 ತೂತು ಮುಂದೆ ಹೋದರೆ ಸರಿಯಾಗಿ 20 ಡಿಗ್ರಿ. ಅದಿಲ್ಲದೆ ಕಣ್ಣಂದಾಜಿನಲ್ಲಿ ತಿರುಗಿಸಿದರೆ ಕೊನೆಯ ಸಾಲು ಮೊದಲ ಸಾಲಿಗೆ ಸೇರುವುದೇ ಇಲ್ಲ.

ಜೆಸಿ ರಸ್ತೆಯಲ್ಲಿ ಸಿಗುವ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸಾಕು, ಮರದ ಕಡ್ಡಿ ಸಾಕು ಎಂದೂ ಬರೆದಿದ್ದೀರಿ. ಚಪ್ಪಟೆ ತಗಡಿಗೆ ಸಾಕು. ಆದರೆ ಬೋಲ್ಟ್ ಉರುಟು. ಗಟ್ಟಿ ಮರದ ತುದಿ ಅದರ ನೆತ್ತಿಗೆ ಮಾತ್ರ ತಾಗುತ್ತದೆ, ಎರಡೂ ಪಕ್ಕ ಖಾಲಿ ಉಳಿಯುತ್ತದೆ. ಸುಳಿಯ ಬದಲು ಒಂದು ಗೆರೆ ಬೀಳುತ್ತದೆ. ಒತ್ತಿದರೆ ಸ್ವಲ್ಪ ಬಗ್ಗುವಂಥದ್ದು ಬೇಕು. ಎಮರಿ ಸೇರಿಸಿದ ರಬ್ಬರ್ ಕಡ್ಡಿ, ಇಲ್ಲವೇ ಬಿಗಿಯಾಗಿ ಕಟ್ಟಿದ ತಂತಿ ಬ್ರಷ್. ಎಲ್ಲ ಸಾಲನ್ನೂ ಒಂದೇ ತುದಿಯಿಂದ ಶುರು ಮಾಡಬೇಕು. ಇಲ್ಲದಿದ್ದರೆ ಒಂದು ಸಾಲು ಈ ಕಡೆ ಮಲಗಿ ಇನ್ನೊಂದು ಆ ಕಡೆ ಮಲಗುತ್ತದೆ. ಕೊನೆಯ ಸಾಲು ಮೊದಲನೆಯದರ ಮೇಲೆ ಹತ್ತಿ ಒಂದು ಜೋಡು, ಅಂದರೆ ಸೇರಿದ ಗೆರೆ, ಕಾಣುತ್ತದೆ. ಕೈಪಳಗಿದವರು ಅದನ್ನು ಬೋಲ್ಟಿನ ಅಡಿಗೆ ಹಾಕುತ್ತಾರೆ. ನೀವು ಫ್ಯಾಕ್ಟರಿ ಕೆಲಸ ಎಂದು ಹಾಕಿದ ಫೋಟೋದಲ್ಲಿ ಆ ಜೋಡು ನೆತ್ತಿಯ ಮೇಲೇ ಇದೆ!

ನನ್ನ ನಿಜವಾದ ತಕರಾರು ಬೇರೆ. ಬೋಲ್ಟಿನ ಯಾವ ಭಾಗ ಮುಟ್ಟಬಾರದು ಎಂದು ಲೇಖನದಲ್ಲಿ ಒಂದು ಸಾಲೂ ಇಲ್ಲ. ಮುಂದಿನ ಲಗ್ಗುಗಳು, ಅಂದರೆ ಬೋಲ್ಟನ್ನು ಬಿಗಿದು ನಿಲ್ಲಿಸುವ ಉಬ್ಬುಗಳು, ಗುಂಡು ಸಿಡಿದಾಗ ಪೂರ್ತಿ ಒತ್ತಡ ತಡೆಯುವಂಥವು. ಅವುಗಳ ಹಿಂಬದಿಯನ್ನು ಪೇಸ್ಟ್ ಹಾಕಿ ಉಜ್ಜುತ್ತಾ ಕೂತರೆ ಬೋಲ್ಟಿಗೂ ತೋಟಾಕ್ಕೂ ನಡುವಿನ ಅಳತೆಯೇ ಕೆಡುತ್ತದೆ. ಬೋಲ್ಟಿನ ಮುಖ, ತೋಟಾಕ್ಕೆ ಹೊಡೆಯುವ ಕಡ್ಡಿ ಅಂದರೆ ಸ್ಟ್ರೈಕರ್ ಹತ್ತುವ ಇಳಿಜಾರು, ಇವೂ ಅಷ್ಟೇ. ಹಳೆಯ ಮೌಸರ್ ಮಾದರಿಯ ಬೋಲ್ಟುಗಳಲ್ಲಿ ಗಡಸು ಇರುವುದು ಮೇಲಿನ ತೆಳು ಪದರದಲ್ಲಿ ಮಾತ್ರ, ಅದನ್ನು ಸವೆಸಿದರೆ ಕೆಳಗೆ ಮೆತ್ತನೆಯ ಉಕ್ಕು. ಸುಳಿ ಏನಿದ್ದರೂ ನಡುವಿನ ಉರುಟು ಭಾಗಕ್ಕೆ. ಅದೂ ಸ್ಟ್ರೈಕರ್, ಸ್ಪ್ರಿಂಗ್ ಎಲ್ಲ ಬಿಚ್ಚಿಟ್ಟು, ತೂತುಗಳಿಗೆ ಗ್ರೀಸ್ ತುಂಬಿದ ಮೇಲೆ. ಆಮೇಲೆ ಒಂದು ಕಣ ಪೇಸ್ಟ್ ಉಳಿಯದ ಹಾಗೆ ತೊಳೆಯಬೇಕು. ಮೊದಲಾದರೆ ಸೀಮೆಎಣ್ಣೆ ಅನ್ನುತ್ತಿದ್ದೆ, ಈಗ ಅದೆಲ್ಲಿ ಸಿಗಬೇಕು, ಡೀಸೆಲ್ ಆದರೂ ನಡೆಯುತ್ತದೆ. ತುಕ್ಕು ತಡೆಯುವ ಕಪ್ಪು-ನೀಲಿ ಪದರ, ಬ್ಲೂಯಿಂಗ್, ಉಜ್ಜಿ ತೆಗೆದ ಉಕ್ಕು ನಮ್ಮ ಜುಲೈ ತಿಂಗಳ ಗಾಳಿಗೇ ತುಕ್ಕು ಹಿಡಿಯುತ್ತದೆ, ಮಡಿಕೇರಿಯಲ್ಲಂತೂ ಕೇಳಲೇಬೇಡಿ.

ಮಡಿಕೇರಿ ಅಂದದ್ದಕ್ಕೆ ಕಾರಣವಿದೆ. ನಮ್ಮ ಪಕ್ಕದ ಮನೆಯವರು ಕೊಡವರು. ಕೈಲ್ ಮುಹೂರ್ತಕ್ಕೆ ಊರಿಗೆ ಹೋಗಿ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಮುಡಿಸಿ ಪೂಜೆ ಮಾಡಿ ಬರುವವರು. ನಿಮ್ಮ ಪುರವಣಿ ಹಿಡಿದುಕೊಂಡೇ ಬಂದರು. “ಸಾರ್, ನಿಮ್ಮ ಹತ್ರ ಡ್ರಿಲ್ ಇದೆಯಲ್ಲ, ನಮ್ಮ ರೈಫಲ್ ಬೋಲ್ಟಿಗೂ ಹೀಗೆ ಮಾಡಿ ಕೊಡ್ತೀರಾ?” ಆಗಲ್ಲ ಅಂದೆ. ಬೇರೆಯವರ ಬಂದೂಕು ರಿಪೇರಿಗೆ ಕೈ ಹಾಕಲು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಆ ಕಾಯ್ದೆಯಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ಬರೀ ಪಾಲಿಶ್ ಅಲ್ವಾ ಎಂದು ವಾದ ಮಾಡಬಹುದು, ಆದರೆ ಬೋಲ್ಟ್ ನನ್ನ ಮೇಜಿನ ಮೇಲಿರುವಾಗ ಆ ವಾದವನ್ನು ಪೊಲೀಸರ ಮುಂದೆ ಮಾಡಲು ನನಗೆ ಇಷ್ಟವಿಲ್ಲ. ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರವೇ ಹೋಗಿ ಎಂದೆ. ಬದಲಿಗೆ ಪೀಣ್ಯದಿಂದ ತಂದಿಟ್ಟಿದ್ದ ಬ್ರೈಟ್ ರಾಡಿನ ತುಂಡಿನ ಮೇಲೆ ಸುಳಿ ಹಾಕಿ ತೋರಿಸಿದೆ. ಅದನ್ನೇ ಪೇಪರ್‌ವೇಟ್ ಮಾಡಿಕೊಳ್ಳಲು ಒಯ್ದರು. ಈಗ ಅವರ ಮಗ ಕಲಿಯಲು ಬರುತ್ತಾನೆ, ರಾಡಿನ ಮೇಲೆ.

ಮುಂದಿನ ವಾರ ಇದರ ಎರಡನೇ ಕಂತು ಬರುತ್ತದೆ ಎಂದು ಹಾಕಿದ್ದೀರಿ. ಲಗ್ ಮುಟ್ಟಬಾರದು ಎನ್ನುವುದನ್ನೂ ಲೈಸೆನ್ಸ್ ವಿಷಯವನ್ನೂ ದಯವಿಟ್ಟು ಮೊದಲ ಪ್ಯಾರಾದಲ್ಲೇ ಹಾಕಿ. ಕೊನೆಯ ತನಕ ಓದುವವರು ಕಡಿಮೆ, ಡ್ರಿಲ್ ಆನ್ ಮಾಡುವವರು ಜಾಸ್ತಿ.

ಇಂತಿ,
ನಿವೃತ್ತ ಸ್ಕ್ರೇಪಿಂಗ್ ಕೆಲಸಗಾರ, ಜಾಲಹಳ್ಳಿ, ಬೆಂಗಳೂರು