ಕ್ಯಾಲೊರಿ ನೋಡಿಕೊಂಡು ಊಟ ಮಾಡುವವರಿಗೆ

ಎಲ್ಲರಿಗೂ ನಮಸ್ಕಾರ. ತೂಕ ಇಳಿಸಬೇಕು ಅಂತ ಓಟ್ಸ್, ಸಲಾಡ್ ಹುಡುಕುವ ಮೊದಲು ನಮ್ಮ ಬಸ್ಸಾರನ್ನು ನೆನಪಿಸಿಕೊಳ್ಳಿ. ಸೊಪ್ಪು, ಕಾಳು ಬೇಯಿಸಿ ಕಟ್ಟು ಬಸಿದರೆ ಸಾರೂ ಆಯಿತು, ಪಲ್ಯವೂ ಆಯಿತು. ನಾರು, ಪ್ರೋಟೀನ್ ಎರಡೂ ಸಿಗುವುದರಿಂದ ಬೇಗ ಹಸಿವಾಗುವುದಿಲ್ಲ.

ಒಗ್ಗರಣೆಯಲ್ಲಿ ಮಾತ್ರ ಕೈ ಬಿಗಿ ಇರಲಿ. 1 ಟೀ ಚಮಚ ಎಣ್ಣೆ ಅಂದರೆ ಸುಮಾರು 40 ಕ್ಯಾಲೊರಿ. ಸುಮ್ನೆ ಬಾಟಲಿಯಿಂದ ಸುರಿದರೆ 3-4 ಚಮಚ ಗೊತ್ತೇ ಆಗದೆ ಬೀಳುತ್ತದೆ, ಅಲ್ವಾ? ದಯವಿಟ್ಟು ಅಳೆದೇ ಹಾಕಿ. ಹಸಿ ತೆಂಗಿನತುರಿಯಲ್ಲೂ 100 ಗ್ರಾಂಗೆ ಸುಮಾರು 350 ಕ್ಯಾಲೊರಿ ಇದೆ. ಬಿಡಬೇಕಾಗಿಲ್ಲ, ಒಂದು ಹಿಡಿಯ ಬದಲು ಒಂದು ಚಮಚ ಸಾಕು.

ಮುದ್ದೆ ಎಷ್ಟು ತಿಂದರೂ ಪರವಾಗಿಲ್ವಾ ಅಂತ ಕೆಲವರು ಕೇಳಿದ್ದೀರಿ. ಹಾಗಿಲ್ಲ. ರಾಗಿ ಹಿಟ್ಟಿಗೂ ಅಕ್ಕಿಗೂ ತೂಕಕ್ಕೆ ತೂಕ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ಅದೇ ಲಾಭ. ಮುದ್ದೆ ಚಿಕ್ಕದಿರಲಿ, ಪಲ್ಯ ಹೆಚ್ಚಿರಲಿ.

ಬೆಳಿಗ್ಗೆ ಇಡ್ಲಿ, ಜೊತೆಗೆ ತರಕಾರಿ ಹೆಚ್ಚು ಹಾಕಿದ ಸಾಂಬಾರ್. ಸಂಜೆ ಬೋಂಡಾ ನೆನಪಾದಾಗ ಸೌತೆಕಾಯಿ, ಹೆಸರುಬೇಳೆ ಕೋಸಂಬರಿ ಮಾಡಿಕೊಂಡು ನೀರು ಮಜ್ಜಿಗೆ ಕುಡಿಯಿರಿ. ಬೇಳೆ ನೆನೆಯಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು, ಮೊದಲೇ ನೆನೆಹಾಕಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ.

ಇವತ್ತು ರಾತ್ರಿ ಏನು ಮಾಡಿದಿರಿ, ಎಷ್ಟು ಚಮಚ ಎಣ್ಣೆ ಹಾಕಿದಿರಿ ಅಂತ ಇಲ್ಲೇ ಬರೆಯಿರಿ.