ಮಗಳಿಗೊಂದು ಪತ್ರ: ಬ್ರೌಸರಿನೊಳಗೊಂದು ಶ್ರುತಿ ಪೆಟ್ಟಿಗೆ

ಶಿರಸಿ

ಪ್ರೀತಿಯ ಕೂಸೇ,

ಭಾಗವತಿಕೆ ಅಭ್ಯಾಸಕ್ಕೆ ಬ್ರೌಸರಿನಲ್ಲೇ ಶ್ರುತಿ ಪೆಟ್ಟಿಗೆ ಕಟ್ಟುತ್ತೇನೆ ಅಂದೆಯಲ್ಲ, ಕಟ್ಟು. ಪೇಜು ಒಮ್ಮೆ ತೆರೆದುಕೊಂಡರೆ ಸಾಕು, ಸ್ವರ ಹುಟ್ಟುವುದು ಫೋನಿನೊಳಗೇ. ಮಳೆಗಾಲದಲ್ಲಿ ಇಲ್ಲಿ ನೆಟ್‌ವರ್ಕ್ ಹೋದರೂ ಶ್ರುತಿ ನಿಲ್ಲುವುದಿಲ್ಲ.

ಮೊದಲು ಷಡ್ಜ. ಬಿಳಿ ಒಂದಕ್ಕೆ, ಅಂದರೆ ಹಾರ್ಮೋನಿಯಮ್ಮಿನ C ಮನೆಗೆ, ಕೆಳಗಿನ ಷಡ್ಜ 130.81 ಹರ್ಟ್ಜ್, ಮೇಲಿನದು ಅದರ ಎರಡು ಪಟ್ಟು. ಪಂಚಮಕ್ಕೆ ಮಾತ್ರ ಕೀಬೋರ್ಡಿನ ಪಟ್ಟಿ ನೋಡಿ 196 ಹಾಕಬೇಡ. ಷಡ್ಜವನ್ನು ಒಂದೂವರೆಯಿಂದ ಗುಣಿಸು, 196.22ರ ಹತ್ತಿರ ಬರುತ್ತದೆ. ಇಷ್ಟಕ್ಕೇನು ಅನ್ನಬೇಡ. ಶ್ರುತಿಯ ಒಂದೊಂದು ಸ್ವರದೊಳಗೂ ಅದರ ಎರಡು ಪಟ್ಟು, ಮೂರು ಪಟ್ಟುಗಳೂ ಸಣ್ಣಗೆ ನುಡಿಯುತ್ತವೆ. ಷಡ್ಜದ ಮೂರು ಪಟ್ಟು 392.43, 196ರ ಎರಡು ಪಟ್ಟು 392. ಇವೆರಡೂ ಒಟ್ಟಿಗೆ ನುಡಿದರೆ ಎರಡು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತಿಗೊಮ್ಮೆ ದನಿ ಏರಿ ಇಳಿದು ತೂಗುತ್ತದೆ. ಕಣ್ಣು ಮುಚ್ಚಿ ಕೇಳು. ಒಂದೂವರೆ ಪಟ್ಟು ಸರಿಯಾಗಿ ಕೂತ ಕೂಡಲೇ ಆ ತೂಗಾಟ ನಿಂತು, ಎರಡು ಸ್ವರ ಒಂದೇ ಆಗಿಬಿಡುತ್ತವೆ. ಶ್ರುತಿ ಸೇರುವುದು ಅಂದರೆ ಇದೇ.

ಆಸಿಲೇಟರಿಗೆ, ಅಂದರೆ ಸ್ವರ ಹುಟ್ಟಿಸುವ ಭಾಗಕ್ಕೆ, ಸೈನ್ ಅಲೆ ಬೇಡ, ಅದರಲ್ಲಿ ಮೇಲಿನ ಪಟ್ಟುಗಳಿಲ್ಲ. ಫೋನಿನ ಸಣ್ಣ ಸ್ಪೀಕರಿನಲ್ಲಿ 130 ಹರ್ಟ್ಜ್ ಸರಿಯಾಗಿ ಕೇಳುವುದಿಲ್ಲ. ಸಾಟೂತ್, ಅಂದರೆ ಗರಗಸದ ಹಲ್ಲಿನಂಥ ಅಲೆ, ಹಾಕಿದರೆ ಅದರ ಮೇಲಿನ ಪಟ್ಟುಗಳು ಕೇಳಿ ಕಿವಿ ಷಡ್ಜವನ್ನು ತಾನೇ ಹಿಡಿಯುತ್ತದೆ. ಕರ್ಕಶ ಅನ್ನಿಸಿದರೆ 1200 ಹರ್ಟ್ಜಿಗೆ ಲೋಪಾಸ್ ಫಿಲ್ಟರ್ ಕೊಡು, ಅದು ಮೇಲಿನದನ್ನು ತಗ್ಗಿಸುತ್ತದೆ. ಎರಡು ಷಡ್ಜ, ಒಂದು ಪಂಚಮ, ಈ ಮೂರು ಸ್ವರಕ್ಕೂ ಗೇನ್ (ದನಿಯ ಮಟ್ಟ) ಒಂದೊಂದಕ್ಕೆ 0.3 ದಾಟಿಸಬೇಡ, ಒಟ್ಟು ಮೊತ್ತ 1 ಮೀರಿದರೆ ದನಿ ಒಡೆಯುತ್ತದೆ.

ಪೇಜು ತೆರೆದರೂ ಸದ್ದಿಲ್ಲ ಅಂದರೆ ಕೋಡ್ ತಪ್ಪಿದೆ ಅಂತ ತಿಳಿಯಬೇಡ. ಯಾರಾದರೂ ಬಟನ್ ಒತ್ತುವವರೆಗೆ ಬ್ರೌಸರು ಸದ್ದು ಹೊರಡಿಸುವ ಆಡಿಯೊ ಕಾಂಟೆಕ್ಸ್ಟನ್ನು ತಡೆದಿಟ್ಟಿರುತ್ತದೆ. ಬಟನ್ ಒತ್ತಿದಾಗಲೇ ಅದನ್ನು ಎಬ್ಬಿಸುವ ರೆಸ್ಯೂಮ್ ಆಜ್ಞೆ ಕರೆ. ನಿಲ್ಲಿಸುವಾಗ "ಟಕ್" ಅಂದರೆ, ಅಲೆಯನ್ನು ನಡುವೆಯೇ ಕಡಿದಿದ್ದೀ. ಗೇನನ್ನು 0.03 ಸೆಕೆಂಡಿನಲ್ಲಿ ಸೊನ್ನೆಗೆ ಇಳಿಸಿ, 0.05ಕ್ಕೆ ಸ್ಟಾಪ್ ಕೊಡು. ಇಳಿಸುವ ಮೊದಲು ಗೇನಿನ ಈಗಿನ ಬೆಲೆಯನ್ನು ಸೆಟ್‌ವ್ಯಾಲ್ಯೂ‌ಅಟ್‌ಟೈಮ್‌ ಎಂಬ ಆಜ್ಞೆಯಿಂದ ಬರೆ, ಇಲ್ಲವಾದರೆ ಇಳಿಜಾರು ಎಲ್ಲಿಂದ ಶುರು ಅಂತ ಅದಕ್ಕೆ ತಿಳಿಯದೆ ಮತ್ತೆ ಟಕ್ ಅನ್ನುತ್ತದೆ. ನಿಂತ ಆಸಿಲೇಟರ್ ಮತ್ತೆ ಏಳುವುದಿಲ್ಲ, ಪ್ರತಿ ಸಲ ಹೊಸದು ಮಾಡು.

ನಿನ್ನ ಹಾಡನ್ನೂ ರೆಕಾರ್ಡ್ ಮಾಡುವೆಯಾದರೆ ಬಹಳ ಜಾಗ್ರತೆ ಬೇಕು. ಬ್ರೌಸರಿನ ಮೈಕು ಮಾತಿಗೆಂದು ಹದ ಮಾಡಿದ್ದು. ಒಂದೇ ಸಮ ಎಳೆದ ಸ್ವರವನ್ನು ಫ್ಯಾನಿನ ಸದ್ದು ಅಂತ ತಿಳಿದು ಒರೆಸಿಹಾಕುತ್ತದೆ, ನಿನ್ನ ಆಲಾಪನೆಯ ಉದ್ದದ ಎಳೆತವೂ ನಡುನಡುವೆ ಸವೆದುಹೋಗುತ್ತದೆ. ಗೆಟ್‌ಯೂಸರ್‌ಮೀಡಿಯಾ ಎಂಬ ಮೈಕು ಕೇಳುವ ಆಜ್ಞೆ ಕರೆಯುವಾಗ ಎಕೋ ಕ್ಯಾನ್ಸಲೇಶನ್, ನಾಯ್ಸ್ ಸಪ್ರೆಶನ್, ಆಟೊ ಗೇನ್ ಕಂಟ್ರೋಲ್ (ಪ್ರತಿಧ್ವನಿ ಅಳಿಸುವ, ಗದ್ದಲ ಒರೆಸುವ, ದನಿಯ ಮಟ್ಟ ತಾನೇ ಹೊಂದಿಸುವ ವ್ಯವಸ್ಥೆಗಳು) ಮೂರನ್ನೂ ಫಾಲ್ಸ್ ಮಾಡು, ಅಂದರೆ ನಿಲ್ಲಿಸು. ಲ್ಯಾಪ್‌ಟಾಪಿನ ಪೇಜನ್ನು ವೈಫೈ ಮೇಲೆ ಫೋನಿನಲ್ಲಿ ತೆರೆದರೆ ಮೈಕೇ ಸಿಗುವುದಿಲ್ಲ. ಅದಕ್ಕೆ ಎಚ್‌ಟಿಟಿಪಿಎಸ್ ವಿಳಾಸ ಬೇಕು, ಇಲ್ಲವೇ ಲ್ಯಾಪ್‌ಟಾಪಿನಲ್ಲೇ ಲೋಕಲ್‌ಹೋಸ್ಟ್, ಅಂದರೆ ಅದೇ ಯಂತ್ರದೊಳಗಿನ ವಿಳಾಸ. ಕಿವಿಗೆ ವಯರಿನ ಇಯರ್‌ಫೋನನ್ನೇ ಹಾಕಿಕೋ. ಬ್ಲೂಟೂತಿನದಾದರೆ ಅದರ ಮೈಕು ತೆರೆದೊಡನೆ ಫೋನ್ ಕರೆಯ ಗುಣಮಟ್ಟಕ್ಕೆ ಇಳಿದು ಶ್ರುತಿ ಮಂಕಾಗುತ್ತದೆ, ದನಿಯೂ ತಡವಾಗಿ ಬರುತ್ತದೆ.

ನಿನ್ನ,
ಆಯಿ